ಘಟ್ಟ ಇಳಿದು ಕಡಲಿಗೆ: ಬೆಳಗಾವಿಯ ಸೈಕಲ್ ಬಳಗಗಳ ಎರಡು ದಿನ



ಬೆಳಗಾವಿಯ ಕೋಟೆಯಿಂದ ಪಶ್ಚಿಮಕ್ಕೆ ನೇರವಾಗಿ ಒಂದು ಗೆರೆ ಎಳೆದರೆ ಅದು ಹೋಗಿ ಮುಟ್ಟುವುದು ವೆಂಗುರ್ಲೆಯ ಕಡಲನ್ನು. ನಡುವಿನ ಅಂತರ ಸುಮಾರು 90 ಕಿಲೋಮೀಟರ್. ಊರು ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಬೆಂಗಳೂರಿನಿಂದ ಹೊರಟವರು ಕಡಲು ಕಾಣಲು 300 ಕಿಲೋಮೀಟರಿಗೂ ಹೆಚ್ಚು ರಸ್ತೆ ಸವೆಸಬೇಕು. ಬೆಳಗಾವಿಯವರಿಗೆ ಒಂದು ಹಗಲು ಸಾಕು. ಶನಿವಾರ ನಸುಕಿನಲ್ಲಿ ಸೈಕಲ್ ಏರಿ, ಸಂಜೆಯೊಳಗೆ ಉಪ್ಪುನೀರಿಗೆ ಕಾಲಿಟ್ಟು, ಭಾನುವಾರ ಮನೆಗೆ ಮರಳುವ ಸವಾರರು ಈ ಊರಿನಲ್ಲಿದ್ದಾರೆ. ಅವರಲ್ಲಿ ವೈದ್ಯರು, ಕಾಲೇಜು ಹುಡುಗರು, ಅಂಗಡಿಕಾರರು, ಗೃಹಿಣಿಯರು ಎಲ್ಲರೂ ಉಂಟು. ಅವರನ್ನು ದಡ ಮುಟ್ಟಿಸುವುದು ಕಾಲಿನ ಕಸುವಿಗಿಂತ ಹೆಚ್ಚಾಗಿ ಗುಂಪಿನ ಶಿಸ್ತು. ಕಡಲಿನ ದಾರಿಯಲ್ಲಿ ಮೂರು ಬಗೆಯ ನೆಲ ಎದುರಾಗುತ್ತದೆ. ಒಂದೊಂದಕ್ಕೂ ಗುಂಪು ತನ್ನ ನಡಿಗೆಯನ್ನು ಬದಲಿಸಿಕೊಳ್ಳಬೇಕು. ಅದು ಹೇಗೆ ಎಂಬುದೇ ಇಂದಿನ ಮಾತು.

ಕಡಲಿಗೆ ಇಳಿಯಲು ಬೆಳಗಾವಿಯಿಂದ ಮುಖ್ಯವಾಗಿ ಮೂರು ದಾರಿಗಳಿವೆ. ಹಿಂಡಲಗಾ ಕಡೆಯಿಂದ ಹೊರಟು ಆಂಬೋಲಿ ಘಾಟ್ ಇಳಿದು ಸಾವಂತವಾಡಿ, ವೆಂಗುರ್ಲೆಗೆ ಹೋಗುವುದು ಒಂದು. ಖಾನಾಪುರ, ರಾಮನಗರದ ಮೇಲೆ ಅನಮೋಡ್ ಘಾಟ್ ಇಳಿದು ಮೊಲೆಮ್, ಫೋಂಡಾ ಮುಟ್ಟುವ ರಾಷ್ಟ್ರೀಯ ಹೆದ್ದಾರಿ ಇನ್ನೊಂದು. ಈ ದಾರಿಯಲ್ಲಿ ಪಣಜಿಗೆ ಸುಮಾರು 150 ಕಿಲೋಮೀಟರ್. ಮೂರನೆಯದು ಪೀರನವಾಡಿಯಲ್ಲಿ ಕವಲೊಡೆದು ಜಾಂಬೋಟಿ, ಕಣಕುಂಬಿಯ ಮೂಲಕ ಚೋರ್ಲಾ ಘಾಟ್ ಇಳಿಯುತ್ತದೆ. ಇದರಲ್ಲಿ ಪಣಜಿಗೆ 110 ಕಿಲೋಮೀಟರಿನ ಆಸುಪಾಸು.

ಇವುಗಳಲ್ಲಿ ವೆಂಗುರ್ಲೆಯ ರಸ್ತೆಗೆ ದೊಡ್ಡ ಚರಿತ್ರೆ ಇದೆ. ಬೆಳಗಾವಿಯಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿದ್ದ 19ನೆಯ ಶತಮಾನದಲ್ಲಿ ಹಡಗಿನಿಂದ ವೆಂಗುರ್ಲೆ ಬಂದರಿಗೆ ಇಳಿದ ಸರಕು ಇದೇ ಘಟ್ಟ ಏರಿ ಬರುತ್ತಿತ್ತು. ಆಂಬೋಲಿ ಆ ದಾರಿಯ ತಂಗುದಾಣವಾಗಿತ್ತು. 1880ರ ದಶಕದ ಕೊನೆಗೆ ಮಾರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್ ಹತ್ತಿ ರೈಲು ಬಂದ ಮೇಲೆ ವ್ಯಾಪಾರ ಆ ಕಡೆ ಹೊರಳಿತು. ಎತ್ತುಗಳು ದಿನಗಟ್ಟಲೆ ಎಳೆದ ದಾರಿಯನ್ನು ಇಂದು ಸೈಕಲ್ ಸವಾರರು ಒಂದು ಹಗಲಿನಲ್ಲಿ ಮುಗಿಸುತ್ತಾರೆ.

ಇಂದಿನ ಮಾತಿಗೆ ಮೂರನೆಯದಾದ ಚೋರ್ಲಾ ದಾರಿಯನ್ನೇ ಹಿಡಿಯೋಣ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಇದಕ್ಕೆ ಒಳ್ಳೆಯ ಕಾಲ. ಕೋಟೆಯ ಸುತ್ತ ಇನ್ನೂ ಕತ್ತಲಿರುವಾಗಲೇ ಗುಂಪು ಸೇರುತ್ತದೆ. 1204ರಲ್ಲಿ ರಟ್ಟರ ಕಾಲದಲ್ಲಿ ಕಟ್ಟಿದ ಕೋಟೆ ಇದು. ಒಳಗಿನ ಕಮಲ ಬಸದಿಯೂ ಅದೇ ಕಾಲದ್ದು. ಹೊರಡುವ ಮುನ್ನ ಗುಂಪಿನ ಮುಂದಾಳು ಪ್ರತಿಯೊಬ್ಬರ ಗಾಲಿಯ ಹವಾ, ಬ್ರೇಕು, ಹಿಂದಿನ ಕೆಂಪು ದೀಪ, ಹೆಲ್ಮೆಟ್ಟಿನ ಪಟ್ಟಿ ನೋಡುತ್ತಾನೆ. ಕಡೆಯಲ್ಲಿ ಬರುವವರು ಯಾರೆಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಮುಂದಾಳು ದಾರಿ ಗೊತ್ತಿರುವವನಾದರೆ ಸಾಕು. ಕಡೆಯವರು ಮಾತ್ರ ಗುಂಪಿನಲ್ಲೇ ಅತ್ಯಂತ ಅನುಭವಿ ಆಗಿರಬೇಕು. ಸುಸ್ತಾದವರು, ಪಂಕ್ಚರ್ ಆದವರು, ಹೆದರಿದವರು ಕೊನೆಗೆ ಸಿಗುವುದು ಅವರ ಕೈಗೇ.

ಮೊದಲ ನೆಲ ಬಯಲು. ಪೀರನವಾಡಿಯಿಂದ ಕುಸಮಳಿಯವರೆಗೆ ಕಬ್ಬು, ಭತ್ತದ ಗದ್ದೆಗಳ ನಡುವೆ ರಸ್ತೆ ಸಣ್ಣಗೆ ಏರಿಳಿಯುತ್ತದೆ. ಇಲ್ಲಿ ಸವಾರನಿಗೆ ಎದುರಾಳಿ ಗಾಳಿ. ಗಂಟೆಗೆ 25 ಕಿಲೋಮೀಟರ್ ವೇಗ ಮುಟ್ಟುವ ಹೊತ್ತಿಗೆ ಸೈಕಲ್ ತುಳಿಯುವವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಮುಂದಿನವನ ಬೆನ್ನಿಗೆ ಒಂದು ಗಾಲಿಯ ಅಂತರದಲ್ಲಿ ಹೋದವನಿಗೆ ಶ್ರಮದ ಕಾಲುಭಾಗದಷ್ಟು ಉಳಿಯುತ್ತದೆ. ಹಾಗಾಗಿ ಮುಂದಿದ್ದವನು ಕೆಲವು ನಿಮಿಷ ಗಾಳಿ ಹೊತ್ತು, ಬದಿಗೆ ಸರಿದು ಸಾಲಿನ ಹಿಂದಕ್ಕೆ ಬರುತ್ತಾನೆ, ಎರಡನೆಯವನು ಮೊದಲನೆಯವನಾಗುತ್ತಾನೆ. ಹೊಸಬರನ್ನು ನಡುವೆ ಇರಿಸಿಕೊಳ್ಳುತ್ತಾರೆ.

ಈ ಉಳಿತಾಯಕ್ಕೆ ಒಂದು ಬೆಲೆಯೂ ಇದೆ. ಹಿಂದಿನವನಿಗೆ ಮುಂದಿನ ರಸ್ತೆ ಕಾಣುವುದಿಲ್ಲ. ಅವನ ಮುಂಗಾಲಿ ಮುಂದಿನವನ ಹಿಂಗಾಲಿಗೆ ಒರಸಿದರೆ ಬೀಳುವವನು ಬಹುತೇಕ ಹಿಂದಿನವನೇ. ಅದಕ್ಕೇ ಸಾಲಿನಲ್ಲಿ ಕೂಗು ನಿಲ್ಲುವುದಿಲ್ಲ. ಮುಂದಿನವನು ಬಲಗೈ ಕೆಳಗೆ ಚಾಚಿ ತಗ್ಗು ತೋರಿಸುತ್ತಾನೆ. “ತಗ್ಗ್ ಐತ್ರಿ!” ಎಂಬ ಕೂಗು ಒಬ್ಬರಿಂದೊಬ್ಬರಿಗೆ ದಾಟಿ ಸಾಲಿನ ಕೊನೆ ಮುಟ್ಟುತ್ತದೆ. ಮರಾಠಿ ಮಾತಿನ ಗೆಳೆಯ ಅದನ್ನೇ “ಖಡ್ಡಾ!” ಎಂದು ಹಿಂದಕ್ಕೆ ಕಳಿಸುತ್ತಾನೆ. ಕಡೆಯವರಿಂದ “ಹಿಂದ್ ಗಾಡಿ ಬಂತ್ರಿ, ಸಾವಕಾಶ” ಎಂಬ ಎಚ್ಚರಿಕೆ ಮುಂದಕ್ಕೆ ಬರುತ್ತದೆ. ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೋಗುವ ಚಕ್ಕಡಿ ಸಾಲಿನಂತೆ ಇಲ್ಲಿಯೂ ವೇಗ ಗೊತ್ತುಮಾಡುವುದು ಎಲ್ಲರಿಗಿಂತ ನಿಧಾನವಾಗಿ ಸಾಗುವ ಜೋಡಿ.

ಕುಸಮಳಿಯಲ್ಲಿ ರಸ್ತೆ ಮಲಪ್ರಭೆಯನ್ನು ದಾಟುತ್ತದೆ. ಜಾಂಬೋಟಿ ಕಳೆದರೆ ಎರಡೂ ಬದಿಗೆ ಕಾಡು. ಇದು ಖಾನಾಪುರ ತಾಲೂಕಿನ ಮಲೆನಾಡು. ಸುಮಾರು 45 ಕಿಲೋಮೀಟರ್ ತುಳಿದ ಮೇಲೆ ಕಣಕುಂಬಿ ಬರುತ್ತದೆ. ಇಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ 300 ಕಿಲೋಮೀಟರಿಗೂ ಹೆಚ್ಚು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಇದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ತಿರುಗಿ ಗೋವೆಯಲ್ಲಿ ಮಾಂಡೋವಿ ಎನಿಸಿಕೊಂಡು ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಎರಡು ರಾಜ್ಯಗಳ ನಡುವೆ ವಾದಕ್ಕೆ ಬಿದ್ದಿರುವ ಕಳಸಾ ಹಳ್ಳವೂ ಕಣಕುಂಬಿಯ ಹತ್ತಿರದ್ದೇ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ನೀರು ಪೂರ್ವಕ್ಕೂ ಪಶ್ಚಿಮಕ್ಕೂ ಬೇರ್ಪಡುವ ಈ ಜಲವಿಭಾಜಕ ಕಾರಿನಲ್ಲಿ ಹೋಗುವವರಿಗೆ ಗೊತ್ತೇ ಆಗುವುದಿಲ್ಲ. ಸೈಕಲ್ ಸವಾರನ ತೊಡೆಗೆ ಗೊತ್ತಾಗುತ್ತದೆ. ಅಲ್ಲಿಯವರೆಗಿನ ಏರು ಮುಗಿದು ಪೆಡಲು ಹಗುರಾಗುತ್ತದೆ.

ಎರಡನೆಯ ನೆಲ ಘಟ್ಟ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಒಂದೆಡೆ ಸೇರುವ ತಾಣವಿದು. ಇಲ್ಲಿ ಗುಂಪಿನ ನಿಯಮ ತಲೆಕೆಳಗಾಗುತ್ತದೆ. ಬಯಲಿನಲ್ಲಿ ಹತ್ತಿರ ಹತ್ತಿರ ಸಾಗಿದವರು ಈಗ ದೂರ ದೂರ ಸಾಗಬೇಕು. ಇಬ್ಬರ ನಡುವೆ ಹತ್ತಾರು ಮೀಟರ್ ಅಂತರ ಇರಬೇಕು, ತಿರುವಿನಲ್ಲಿ ಯಾರೂ ಯಾರನ್ನೂ ಹಿಂದೆ ಹಾಕಕೂಡದು. ಬ್ರೇಕು ಹಿಡಿಯಬೇಕಾದ್ದು ತಿರುವು ಬರುವ ಮುಂಚೆ. ತಿರುವಿನೊಳಗೆ ಜೋರಾಗಿ ಹಿಡಿದರೆ ಗಾಲಿ ಜಾರುತ್ತದೆ. ಇಡೀ ಘಾಟ್ ಬ್ರೇಕು ಒತ್ತಿಕೊಂಡೇ ಇಳಿದರೂ ಅಪಾಯವೇ. ಸವಾರ, ಸೈಕಲ್ ಸೇರಿ 80 ಕಿಲೋ ಭಾರ 700 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯೆಲ್ಲ ಎಲ್ಲಿಯಾದರೂ ಹೋಗಲೇಬೇಕಲ್ಲ. ಸ್ವಲ್ಪ ಗಾಳಿಗೆ ಹೋಗುತ್ತದೆ, ಉಳಿದದ್ದು ಬ್ರೇಕಿನಲ್ಲಿ ಬಿಸಿಯಾಗುತ್ತದೆ. ರಿಮ್ಮಿಗೆ ಒತ್ತುವ ಬ್ರೇಕಾದರೆ ರಿಮ್ಮು ಕಾದು ಒಳಗಿನ ಟ್ಯೂಬು ಒಡೆದದ್ದೂ ಉಂಟು. ಹಿಡಿದು ಬಿಡುವುದು, ಮತ್ತೆ ಹಿಡಿಯುವುದು, ಮುಂದಿನ ಹಿಂದಿನ ಬ್ರೇಕನ್ನು ಹದವರಿತು ಬಳಸುವುದು ಇಳಿಜಾರಿನ ವಿದ್ಯೆ. ನಡುನಡುವೆ ನಿಲ್ಲಲು ನೆವವೂ ಇದೆ. ಕೆಳಗೆ ಗೋವೆಯ ಕೇರಿ ಎಂಬ ಊರಿನ ಬಳಿ ಅಂಜುಣೆ ಅಣೆಕಟ್ಟಿನ ನೀರು ಕಾಡಿನ ನಡುವೆ ತೆರೆದುಕೊಳ್ಳುತ್ತದೆ.

ಪಂಕ್ಚರ್ ಆಗುವುದು ಸಾಮಾನ್ಯವಾಗಿ ಇಂಥಲ್ಲೇ, ಮೊಬೈಲು ಸಿಗ್ನಲ್ ಇಲ್ಲದ ಕಡೆ. ಆಗ ಬಳಗದ ಪಳಗಿದ ಕೈ ಏನು ಮಾಡುತ್ತದೆ ನೋಡಬೇಕು. ಎಲ್ಲರೂ ರಸ್ತೆಯಿಂದ ಕೆಳಗಿಳಿಯುತ್ತಾರೆ. ಒಬ್ಬರು ಗಾಲಿ ಬಿಚ್ಚುತ್ತಾರೆ, ಇನ್ನೊಬ್ಬರು ಹೊಸ ಟ್ಯೂಬಿಗೆ ಸ್ವಲ್ಪ ಹವಾ ಹಾಕಿ ಆಕಾರ ಬರಿಸುತ್ತಾರೆ. ಟ್ಯೂಬು ಒಳಗೆ ಕೂರಿಸುವ ಮುಂಚೆ ಟೈರಿನ ಒಳಮೈ ಮೇಲೆ ಬೆರಳನ್ನು ನಿಧಾನವಾಗಿ ಪೂರ್ತಿ ಒಂದು ಸುತ್ತು ಓಡಿಸುತ್ತಾರೆ. ಹುಡುಕುತ್ತಿರುವುದು ಜಾಲಿಮುಳ್ಳಿನ ತುದಿಯನ್ನು. ಅದು ಅಲ್ಲೇ ಉಳಿದರೆ ಹೊಸ ಟ್ಯೂಬು ಒಂದು ಮೈಲಿ ಕೂಡ ಬಾಳುವುದಿಲ್ಲ.

ಮೂರನೆಯ ನೆಲ ಕರಾವಳಿ. ಕೇರಿ, ಸಾಂಖಳಿ ಬರುವ ಹೊತ್ತಿಗೆ ಬೆಳಗಾವಿಯ ಚಳಿಗೆ ತೊಟ್ಟಿದ್ದ ಜಾಕೀಟು ಚೀಲ ಸೇರಿರುತ್ತದೆ. ಸಾವಿರ ಮೀಟರ್ ಇಳಿದರೆ ಸುಮಾರು ಆರು ಡಿಗ್ರಿ ಬಿಸಿ ಏರುವುದು ವಾತಾವರಣದ ಸಾಮಾನ್ಯ ಲೆಕ್ಕ. ಅದರ ಮೇಲೆ ಏರುಬಿಸಿಲು, ತೇವದ ಗಾಳಿ. ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸವಾಲು ಎದ್ದು ನಿಲ್ಲುತ್ತದೆ: ಕಡಲ ಗಾಳಿ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಕಾದ ನೆಲದ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲಿನಿಂದ ಗಾಳಿ ನುಗ್ಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿ ಹೊರಟವರಿಗೆ ಅದು ನೇರ ಎದುರುಗಾಳಿ. ಆದ್ದರಿಂದ ದಣಿದ ಗುಂಪು ಮತ್ತೆ ಒಟ್ಟುಗೂಡಿ ಸಾಲುಗಟ್ಟಬೇಕು. ನಸುಕಿನಲ್ಲೇ ಹೊರಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಇಂಥ ದಿನದಲ್ಲಿ ಊಟಕ್ಕಿಂತ ಆಗಾಗ ಏನಾದರೂ ಮೆಲ್ಲುವುದು ಮುಖ್ಯ. ದೇಹ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು ಜೋರಾಗಿ ತುಳಿದರೆ ಎರಡು ಗಂಟೆಯ ಆಸುಪಾಸಿನಲ್ಲಿ ಬರಿದಾಗುತ್ತದೆ. ಆಮೇಲೆ ಕಾಲು ಮಾತು ಕೇಳುವುದಿಲ್ಲ, ಕಣ್ಣು ಮಂಜಾಗುತ್ತದೆ. ಹಸಿವಾಗುವ ಮುಂಚೆಯೇ ತಿನ್ನಬೇಕು, ಬಾಯಾರುವ ಮುಂಚೆಯೇ ಕುಡಿಯಬೇಕು. ಪರದೇಶದ ಸವಾರರು ದುಬಾರಿ ಜೆಲ್ ಪೊಟ್ಟಣ ಹಿಂಡಿಕೊಳ್ಳುತ್ತಾರೆ. ಬೆಳಗಾವಿಯವರ ಜೇಬಿನಲ್ಲಿ ಬೆಲ್ಲ, ಅಂಟು, ಒಣಹಣ್ಣು ಸೇರಿದ ಗೋಕಾಕದ ಕರದಂಟು ಇರುತ್ತದೆ. ಮಡಿಚಿ ಇಟ್ಟ ಶೇಂಗಾ ಹೋಳಿಗೆ ಇರುತ್ತದೆ. ಎರಡೂ ಕೆಡುವುದಿಲ್ಲ, ಸೋರುವುದಿಲ್ಲ, ಒಂದೇ ಕೈಯಲ್ಲಿ ತಿನ್ನಬಹುದು. ಬಾಟಲಿಯ ನೀರಿಗೆ ಚಿಟಿಕೆ ಉಪ್ಪು, ಸಕ್ಕರೆ, ಲಿಂಬೆರಸ ಬೆರೆಸಿದರೆ ಬೆವರಿನಲ್ಲಿ ಹೋದದ್ದು ತುಂಬಿಕೊಳ್ಳುತ್ತದೆ.

ಸಂಜೆಗೆ ಪಣಜಿಯ ಮಿರಾಮಾರ್. ಖಾನಾಪುರದ ಕಾಡಿನ ನೀರು ಕಡಲಿಗೆ ಬೀಳುವ ಮುಖದಲ್ಲೇ ಸವಾರರು ಸೈಕಲ್ ಒರಗಿಸಿ ನೀರಿಗಿಳಿಯುತ್ತಾರೆ.

ಭಾನುವಾರದ್ದು ಬೇರೆಯೇ ಪರೀಕ್ಷೆ. ಇಳಿದದ್ದನ್ನೆಲ್ಲ ಏರಬೇಕು. 80 ಕಿಲೋ ಭಾರವನ್ನು 700 ಮೀಟರ್ ಮೇಲೆತ್ತಲು ದೇಹ ಸುಮಾರು 550 ಕಿಲೋಕ್ಯಾಲರಿ ಸುಡುತ್ತದೆ. ರಸ್ತೆಯ ಉದ್ದಕ್ಕೆ ಬೀಳುವ ಖರ್ಚು ಬೇರೆ. ಪಕ್ಕದ ಬ್ರಗಾಂಜಾ ಘಾಟಿನಲ್ಲಿ ರೈಲುಹಳಿ 37 ಮೀಟರಿಗೆ ಒಂದು ಮೀಟರ್ ಏರುತ್ತದೆ, ಅದಕ್ಕೇ ಗಾಡಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಚೋರ್ಲಾ ರಸ್ತೆ ಅದಕ್ಕಿಂತ ಕಡಿದು. ಏರಿನಲ್ಲಿ ವೇಗ ಇಲ್ಲದ್ದರಿಂದ ಗಾಳಿಯ ಮರೆಗೆ ಬೆಲೆಯಿಲ್ಲ. ಇನ್ನೊಬ್ಬರ ವೇಗಕ್ಕೆ ಹೊಂದಲು ಹೋದವರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಲಯದಲ್ಲಿ, ಹಗುರ ಗಿಯರಿನಲ್ಲಿ ಏರಿ, ಮೊದಲೇ ಗೊತ್ತುಮಾಡಿದ ತಿರುವುಗಳಲ್ಲಿ ನಿಂತು ಕಡೆಯವರಿಗಾಗಿ ಕಾಯುತ್ತಾರೆ. “ಅಕ್ಕಾ, ಇಳದು ತಳ್ಳಿಕೋತ ಬರ್ರಿ, ನಾವು ಇಲ್ಲೇ ಅದೀವಿ” ಎಂದು ಕಾಯುವವರು ಧೈರ್ಯ ಹೇಳುತ್ತಾರೆ. ತಳ್ಳಿಕೊಂಡು ಬಂದವರನ್ನು ಕಡಿಮೆ ಎಂದು ಯಾರೂ ಎಣಿಸುವುದಿಲ್ಲ. ಏರಲು ಆಗದವರಿಗೆ ವಾಸ್ಕೋದಿಂದ ಹೊರಡುವ ಗೋವಾ ಎಕ್ಸ್‌ಪ್ರೆಸ್ ಇದೆ. ಸೈಕಲನ್ನು ಲಗೇಜ್ ಡಬ್ಬಿಗೆ ಬುಕ್ ಮಾಡಿದರೆ ಲೋಂಡಾ ಮೇಲೆ ಬೆಳಗಾವಿಗೆ ಬಂದಿಳಿಯಬಹುದು.

ಹೀಗೆ ಗುಂಪಾಗಿ ದೂರ ಹೋಗುವ ಪದ್ಧತಿಗೆ ವಯಸ್ಸಾಗಿದೆ. 1897ರ ಜೂನ್‌ನಲ್ಲಿ ಇಟಲಿಯ ಹನ್ನೆರಡು ಮಂದಿ ರೋಮ್‌ನಿಂದ ಕಡಲತಡಿಯ ನೇಪಲ್ಸ್‌ಗೆ ಸೂರ್ಯ ಮುಳುಗುವುದರೊಳಗೆ ತಲುಪಲು ಹೊರಟರು. ಆ ಸಾಹಸಕ್ಕೆ ಬಂದ ‘ಆಡಾಕ್ಸ್’ ಎಂಬ ಹೆಸರು 1904ರಲ್ಲಿ ಫ್ರಾನ್ಸಿಗೆ ಹೋಯಿತು. ಅಲ್ಲಿ ಶುರುವಾದದ್ದು ಮುಂದಾಳಿನ ವೇಗಕ್ಕೆ ಎಲ್ಲರೂ ಕೂಡಿ ಸಾಗುವ ಸವಾರಿ. 1921ರಿಂದ ಬೆಳೆದ ಇನ್ನೊಂದು ಬಗೆಯಲ್ಲಿ ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ತುಳಿಯಬಹುದು, ಗಡುವಿನೊಳಗೆ ಮುಗಿಸಿದರಾಯಿತು: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಅಲ್ಲಿ ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ಭಾರತದ ಹಲವು ಊರುಗಳಲ್ಲಿ ಇಂದು ಈ ಸವಾರಿಗಳು ನಡೆಯುತ್ತವೆ. ಅದಕ್ಕೂ ಬಹಳ ಮುಂಚೆ, 1923ರಲ್ಲಿ, ಮುಂಬಯಿಯಿಂದ ಆರು ಪಾರ್ಸಿ ಯುವಕರು ಜಗತ್ತು ಸುತ್ತಲು ಸೈಕಲ್ ಏರಿದ್ದರು. ಅವರಲ್ಲಿ ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ 1928ರಲ್ಲಿ ಸುತ್ತು ಮುಗಿಸಿ ಮರಳಿದರು.

ಹೊಸಬರು ಎಲ್ಲಿಂದ ಶುರು ಮಾಡಬೇಕು? ಬೆಳಗಾವಿಯ ಭೂಗೋಳವೇ ಮೆಟ್ಟಿಲು ಕಟ್ಟಿಕೊಟ್ಟಿದೆ. ಮೊದಲು ಖಾನಾಪುರಕ್ಕೆ ಹೋಗಿ ಬರುವುದು, ಎರಡೂ ಕಡೆ ಸೇರಿ 50 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಅದು ಹಗುರೆನಿಸಿದ ಮೇಲೆ ಜಾಂಬೋಟಿ. ಆಮೇಲೆ ಕಣಕುಂಬಿಗೆ ಹೋಗಿ ಅದೇ ದಿನ ಮರಳುವುದು. ಬಳಿಕ ಅನುಭವಿಗಳ ಜತೆ ಚೋರ್ಲಾ ಘಾಟಿನ ಕೆಲವು ತಿರುವು ಇಳಿದು, ಅಲ್ಲಿಂದಲೇ ಏರಿ ಬಂದು ತಮ್ಮ ಬ್ರೇಕನ್ನೂ ಉಸಿರನ್ನೂ ಪರೀಕ್ಷಿಸುವುದು. ಮಳೆಗಾಲದಲ್ಲಿ ಘಾಟಿನಲ್ಲಿ ಮಂಜು ಕವಿದು ಮುಂದಿನ ಸೈಕಲ್ಲೇ ಕಾಣುವುದಿಲ್ಲ, ಗುಡ್ಡದ ಮಣ್ಣು ರಸ್ತೆಗೆ ಕುಸಿಯುತ್ತದೆ. ಆ ತಿಂಗಳುಗಳಲ್ಲಿ ಬಯಲಿನ ರಸ್ತೆಯೇ ಕ್ಷೇಮ. ಮಳೆ ಹಿಂದೆಗೆದು ರಸ್ತೆ ಒಣಗುವ ದೀಪಾವಳಿಯ ಹೊತ್ತಿಗೆ ಈ ಮೆಟ್ಟಿಲುಗಳನ್ನು ಮುಗಿಸಿದವರು ನವೆಂಬರ್‌ನ ಯಾವ ಶನಿವಾರ ಬೇಕಾದರೂ ಕಡಲಿನ ಗುಂಪಿನಲ್ಲಿ ಹೆಸರು ಬರೆಸಬಹುದು.