ದುಂಡು ಅಕ್ಷರಗಳ ಅಣ್ಣ-ತಮ್ಮಂದಿರು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲಾ-ಕಾಲೇಜುಗಳ ಬ್ಯಾನರುಗಳನ್ನು ನೀವೆಲ್ಲ ನೋಡಿದ್ದೀರಿ. ಇಂಗ್ಲಿಷ್ ಹೆಸರು ದಪ್ಪಗೆ, ದುಂಡಗೆ ನಗುತ್ತಾ ನಿಂತಿರುತ್ತದೆ. ಅದರ ಕೆಳಗೆ ಕನ್ನಡ ಸಣಕಲಾಗಿ, ಉರ್ದು ಒಂದು ಮೂಲೆಯಲ್ಲಿ ಮುದುರಿಕೊಂಡಿರುತ್ತವೆ. ಮಗುವಿನ ಕೈ ಹಿಡಿದು ದಾಖಲಾತಿಗೆ ಬಂದ ತಾಯಿಗೆ ಈ ಮೂರರಲ್ಲಿ ಒಂದು ಲಿಪಿ ಮಾತ್ರ ಓದಲು ಬರುತ್ತಿರಬಹುದು. ಆಕೆಯನ್ನು ನಾವು ಯಾವ ಗಾತ್ರದಲ್ಲಿ ಸ್ವಾಗತಿಸುತ್ತಿದ್ದೇವೆ?

ಮೊನಚಿಲ್ಲದ ದಪ್ಪ ಅಕ್ಷರ ಕಣ್ಣಿಗೆ ಸ್ನೇಹಿತನಂತೆ ಕಾಣುತ್ತದೆ. ಆಟಿಕೆ ಪೆಟ್ಟಿಗೆ, ಐಸ್‌ಕ್ರೀಂ ಅಂಗಡಿ, ಮಕ್ಕಳ ಪುಸ್ತಕದ ರಕ್ಷಾಪುಟ ಎಲ್ಲ ಕಡೆಯೂ ಅದೇ. ಬಹುಕಾಲ ಈ ಸ್ನೇಹ ಇಂಗ್ಲಿಷಿಗೇ ಹೆಚ್ಚು ದಕ್ಕಿತ್ತು. 2010ರ ದಶಕದಲ್ಲಿ ಮುಂಬೈಯ ಏಕ್ ಟೈಪ್ ಸಂಸ್ಥೆ 'ಬಾಲೂ' ಎಂಬ ಫಾಂಟ್ ಕುಟುಂಬವನ್ನು ಹೊರತಂದಿತು. ಬಾಲೂ ಎಂದರೆ ಕರಡಿ. ಕನ್ನಡದ್ದು ಬಾಲೂ ತಮ್ಮ, ತಮಿಳಿನದು ಬಾಲೂ ತಂಬಿ, ಮಲಯಾಳದ್ದು ಬಾಲೂ ಚೇಟ್ಟನ್, ಉರ್ದುವಿನದು ಬಾಲೂ ಭಾಯಿಜಾನ್! ಹೆಸರಿನಲ್ಲೇ ಮನೆತನವಿದೆ. ಮುಕ್ತ ಪರವಾನಗಿ ಇರುವುದರಿಂದ ಗೂಗಲ್ ಫಾಂಟ್ಸ್‌ನಿಂದ ಉಚಿತವಾಗಿ ಪಡೆದು ಬ್ಯಾನರು, ಲಾಂಛನಗಳಿಗೂ ಬಳಸಬಹುದು. ಮೊದಲು ಒಂದೇ ದಪ್ಪದಲ್ಲಿತ್ತು. ನಂತರ ಬಂದ ಬಾಲೂ 2ರಲ್ಲಿ ಐದು ದಪ್ಪಗಳಿವೆ.

ಆದರೆ ಅಕ್ಷರ ದಪ್ಪ ಮಾಡುವುದೆಂದರೆ ಹಿಟ್ಟು ಉಬ್ಬಿಸಿದಂತಲ್ಲ. ನಮ್ಮ 'ದ'ಗೂ 'ಧ'ಗೂ ಇರುವ ಅಂತರ ಕೆಳಗಿನ ಒಂದು ಪುಟ್ಟ ಸೀಳು ಮಾತ್ರ. 'ಬ' ಮತ್ತು 'ಭ', 'ಡ' ಮತ್ತು 'ಢ' ಕೂಡ ಹಾಗೆಯೇ. ಕಂಪ್ಯೂಟರಿನಲ್ಲಿ ತೆಳು ಅಕ್ಷರಕ್ಕೆ ಸುತ್ತಲೂ ಗೆರೆ ಕೊಟ್ಟು ಉಬ್ಬಿಸಿದರೆ ಆ ಸೀಳು ಮುಚ್ಚಿಹೋಗುತ್ತದೆ. ವಿದ್ಯಾರ್ಥಿಗಳಿಗೆ ಧನಸಹಾಯ ಎಂದು ಹಾಕಿದ್ದು ದನಸಹಾಯವಾಗುತ್ತದೆ. (ನಗಬೇಡಿ, ದೂರದಿಂದ ಓದುವವನ ತಪ್ಪಲ್ಲ ಅದು.) 'ರಾಷ್ಟ್ರೀಯ' ಎಂಬ ಪದದಲ್ಲಿ ಷಕಾರದ ಕೆಳಗೆ ಎರಡು ಒತ್ತುಗಳು ಇಳಿಯಬೇಕು. ಆದ್ದರಿಂದ ಅಕ್ಷರ ರೂಪಿಸುವವರು ಹೊರಗಿನ ಕಪ್ಪಿಗಿಂತ ಒಳಗಿನ ಬಿಳಿಯನ್ನು ಹೆಚ್ಚು ಕಾಯಬೇಕಾಗುತ್ತದೆ. ಗೆರೆಗಳು ಕೂಡುವ ಜಾಗದಲ್ಲಿ ತುಸು ತೆಳುವಾಗಿಸಿ, ಸೀಳಿಗೂ ಚುಕ್ಕೆಗೂ ಜಾಗ ಬಿಡಬೇಕು.

ಉರ್ದುವಿನಲ್ಲಿ ಚುಕ್ಕೆಯದೇ ಪ್ರಾಣ. ಬೇ, ಪೇ, ತೇ ಮೂರರದ್ದೂ ಒಂದೇ ಆಕಾರ. ಪೇ ಅಕ್ಷರದ ಮೂರು ಚುಕ್ಕೆಗಳು ಮುದ್ದೆಯಾದರೆ ಓದುಗ ಏನು ಮಾಡಬೇಕು? ಇನ್ನೊಂದು ಮಾತು: ಭಾಯಿಜಾನ್ ನಸ್ತಾಲೀಕ್ ಶೈಲಿಯದಲ್ಲ. 1981ರಲ್ಲಿ ನೂರಿ ನಸ್ತಾಲೀಕ್ ಬಂದಮೇಲೆ ಕಂಪ್ಯೂಟರಿನಲ್ಲೂ ಆ ಬಾಗುಗೆರೆಗೇ ಒಗ್ಗಿದ ಹಿರಿಯರಿಗೆ ಇದು ಅಪರಿಚಿತವೆನಿಸೀತು. ನನ್ನ ಅಭಿಪ್ರಾಯದಲ್ಲಿ ಶೀರ್ಷಿಕೆಗೆ ಇದು ಸರಿ, ಪ್ರಬಂಧಕ್ಕೆ ನಸ್ತಾಲೀಕೇ ಇರಲಿ. ಕನ್ನಡದ ಉದ್ದ ಬರಹಕ್ಕೂ ಇಷ್ಟು ದಪ್ಪ ಬೇಡ.

ಮುಂದಿನ ಬ್ಯಾನರು ಮಾಡುವ ವಿದ್ಯಾರ್ಥಿಗಳೇ, ಮುದ್ರಣಕ್ಕೆ ಕೊಡುವ ಮುನ್ನ ಮೂರೂ ಲಿಪಿಗಳನ್ನು ಒಂದು ಹಾಳೆಯಲ್ಲಿ ತೆಗೆದು ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ಸರಿಯಿರಿ. ಉರ್ದು ಬಲ್ಲವರೊಬ್ಬರನ್ನೂ ಕನ್ನಡ ಬಲ್ಲವರೊಬ್ಬರನ್ನೂ ಕರೆದು ಗಟ್ಟಿಯಾಗಿ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ.