ಗುಂಡಿಗೆಯನ್ನು ದುಡಿಸುವ ಮದ್ದು

ಕಲಬುರಗಿಯ ಸೇಡಂ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಎದೆನೋವೆಂದು ಇಂಥ ಆಸ್ಪತ್ರೆಗಳಿಗೆ ಹೋದವರು 'ಸ್ಟ್ರೆಸ್ ಟೆಸ್ಟ್' ಎಂಬ ಹೆಸರನ್ನು ಕೇಳಿರಬಹುದು. ಇದನ್ನು ಒತ್ತಡ ಪರೀಕ್ಷೆ ಎಂದು ಕನ್ನಡಿಸಿದ್ದಾರೆ. ಮನಸ್ಸಿನ ಚಿಂತೆಗೂ ಇದಕ್ಕೂ ಸಂಬಂಧವಿಲ್ಲ. ಗುಂಡಿಗೆಯನ್ನು ಕೊಂಚ ದುಡಿಸಿ, ಆಗ ಅದಕ್ಕೆ ಸಾಕಷ್ಟು ರಕ್ತ ಹರಿಯುವುದೋ ಇಲ್ಲವೋ ಎಂದು ನೋಡತಕ್ಕ ಪರೀಕ್ಷೆ ಇದು. 'ದುಡಿಮೆಯ ಪರೀಕ್ಷೆ' ಎಂದಿದ್ದರೆ ಲೇಸಾಗುತ್ತಿತ್ತು. ಪಂಡಿತರ ಚಟವೆಂದು ಶ್ರೋತೃಗಳು ಕ್ಷಮಿಸಬೇಕು.

ನಡೆಯಬಲ್ಲವರನ್ನು ಟ್ರೆಡ್‌ಮಿಲ್ಲಿನ ಮೇಲೆ ನಡೆಸುತ್ತಾರೆ. ಮೊಣಕಾಲು ಸೋತವರಿಗೆ ಕೈಯ ರಕ್ತನಾಳಕ್ಕೆ ಮದ್ದು ಹರಿಸುವುದುಂಟು. ಡೊಬ್ಯುಟಮಿನ್ ಗುಂಡಿಗೆಯ ಬಡಿತವನ್ನು ಹೆಚ್ಚಿಸುತ್ತದೆ. ಅಡಿನೊಸಿನ್ ಗುಂಡಿಗೆಯ ರಕ್ತನಾಳಗಳನ್ನು ಹಿಗ್ಗಿಸಿ, ಹರಿವು ಎಲ್ಲಿ ಕಡಮೆಯೆಂಬುದನ್ನು ಚಿತ್ರದಲ್ಲಿ ಕಾಣಿಸುತ್ತದೆ. ಆದರೆ ಇದೇ ಅಡಿನೊಸಿನ್ ದಮ್ಮಿನವರ ಶ್ವಾಸನಾಳಗಳನ್ನು ಬಿಗಿಹಿಡಿಯಬಲ್ಲುದು.

ನನ್ನ ಪರಿಚಯದ ಹಿರಿಯರೊಬ್ಬರಿಗೆ ಪರಸ್ಥಳದ ಆಸ್ಪತ್ರೆಯೊಂದರಲ್ಲಿ ಹೀಗೆಯೇ ಆಯಿತು. "ಅಸ್ತಮಾ ಇದೆಯೆ?" ಎಂದು ಕೇಳಿದರು. "ಇಲ್ರೀ" ಎಂದರು ಇವರು. ತೊಗರಿ ರಾಶಿಯ ಕಾಲಕ್ಕೆ ವರುಷವರುಷವೂ ಏಳುವ ದಮ್ಮಿಗೆ ಅಸ್ತಮಾ ಎಂಬ ಹೆಸರೂ ಉಂಟೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮದ್ದು ಹರಿಯತೊಡಗಿ ನಿಮಿಷವಾಗುವಷ್ಟರಲ್ಲಿ ಮುಖ ಕೆಂಪೇರಿತು, ಎದೆ ಬಿಗಿಯಿತು, ಉಸಿರು ಸಿಕ್ಕಿಕೊಂಡಿತು. ದೊಡ್ಡವರ ಎದುರು ಹೇಗೆ ಹೇಳುವುದೆಂದು ಸುಮ್ಮನಿದ್ದವರು ಕಡೆಗೆ ಕೈಯೆತ್ತಿದರು. ಕೂಡಲೇ ಮದ್ದನ್ನು ನಿಲ್ಲಿಸಿ, ಅಮಿನೊಫಿಲಿನ್ ಚುಚ್ಚುಮದ್ದು ಕೊಟ್ಟರು. ಅಡಿನೊಸಿನ್ನಿನ ಆಯುಸ್ಸು ರಕ್ತದಲ್ಲಿ ಕೆಲವೇ ಸೆಕೆಂಡು. ಆದರೂ ಬಿಗಿದ ಉಸಿರು ಸಡಿಲಲು ಅರ್ಧ ಗಂಟೆ ಹಿಡಿಯಿತು.

"ದಮ್ಮು ಏಳ್ತದೇನ್ರೀ?" ಎಂದು ಕೇಳಿದ್ದರೆ ಹೌದೆನ್ನುತ್ತಿದ್ದರು, ಡೊಬ್ಯುಟಮಿನ್ ಆರಿಸಿಕೊಳ್ಳಬಹುದಾಗಿತ್ತು. ಅದೂ ನಿರಪಾಯವೆಂದಲ್ಲ, ಬಡಿತದ ತಾಳ ತಪ್ಪಿಸುವುದುಂಟು. ರೋಗಿಯ ಮಾತಿನಲ್ಲಿ ಕೇಳುವುದು ಆಸ್ಪತ್ರೆಯವರ ಕೆಲಸವೆಂದೇ ನನ್ನ ಮತ. ಅಲ್ಲಿಯವರೆಗೆ, ಉಸಿರಿನ ತೊಂದರೆ ಯಾವ ಹೆಸರಿನದಾದರೂ ನಾವೇ ಹೇಳಬೇಕು. ಮನೆಯಲ್ಲಿ ಸೇದುವ ಪಂಪು, ನುಂಗುವ ಗುಳಿಗೆ ಎಲ್ಲವನ್ನೂ ಒಯ್ದು ತೋರಿಸಬೇಕು.

ಇಂಥ ಅಪಾಯ ವಿರಳ. ಆದರೂ 2013ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅಡಿನೊಸಿನ್ ಮತ್ತು ರೆಗಾಡಿನೊಸನ್ ಮದ್ದುಗಳಿಂದ ಅಪರೂಪವಾಗಿ ಹೃದಯಾಘಾತವೂ ಮರಣವೂ ಸಂಭವಿಸಬಹುದೆಂದು ಎಚ್ಚರಿಸಿ, ಎದೆನೋವು ಹತೋಟಿಗೆ ಬಾರದವರಿಗೆ ಇವನ್ನು ಕೊಡಬಾರದೆಂದಿತು.

ಇನ್ನು ಚಹಾದ ಮಾತು. ಚಹಾ, ಕಾಫಿಗಳಲ್ಲಿರತಕ್ಕ ಕೆಫೀನು ಅಡಿನೊಸಿನ್ನಿನ ಕೆಲಸಕ್ಕೆ ಅಡ್ಡಬಂದು, ಪರೀಕ್ಷೆಯ ಫಲವನ್ನೇ ಕೆಡಿಸುತ್ತದೆ. ನಮ್ಮ ಕಡೆಯವರಿಗೆ ಚಹಾ ಬಿಡುವುದು ಪರೀಕ್ಷೆಗಿಂತ ಕಷ್ಟ. ಆದರೂ ವೈದ್ಯರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 12ರಿಂದ 24 ಗಂಟೆ, ಬಿಟ್ಟಿರಬೇಕಾಗುತ್ತದೆ.