ನಮ್ಮ ಚಿತ್ರಗಳು ಹೊಸಿಲು ದಾಟುವುದಿಲ್ಲ, ಏಕೆ?

(ವಿದ್ಯಾರ್ಥಿನಿಲಯದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಪ್ರತಿ ವರ್ಷ ಆಸ್ಕರ್ ಬಂದಾಗ ಪತ್ರಿಕೆಗಳದ್ದು ಒಂದೇ ಗೋಳು: ಭಾರತಕ್ಕೆ ಈ ಸಲವೂ ಬರಲಿಲ್ಲ ಅಂತ. ಈ ಭಾರತ ಅಂದ್ರೆ ಯಾರು? ಯಾರ ಚಿತ್ರ ಹೋಯ್ತು, ಯಾರದ್ದು ಇಲ್ಲೇ ಉಳೀತು? ಇದನ್ನು ಅವರು ಕೇಳೋದಿಲ್ಲ. ನಾವು ಕೇಳಬೇಕಾಗಿದೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಪರಭಾಷಾ ಚಿತ್ರಗಳ ಆಸ್ಕರ್‌ಗೆ ದೇಶಕ್ಕೊಂದೇ ಚಿತ್ರ ಎಂಬುದು ನಡೆದುಬಂದ ಪದ್ಧತಿ. ಹತ್ತಾರು ಭಾಷೆಗಳಲ್ಲಿ ಸಿನಿಮಾ ಮಾಡುವ ನಮಗೂ ಒಂದೇ, ಒಂದೇ ಭಾಷೆಯ ಪುಟ್ಟ ದೇಶಕ್ಕೂ ಒಂದೇ. ಇಲ್ಲಿ ಆರಿಸುವುದು ಚಿತ್ರೋದ್ಯಮದವರ ಸಂಸ್ಥೆಯಾದ ಫಿಲ್ಮ್ ಫೆಡರೇಷನ್ ನೇಮಿಸುವ ಸಮಿತಿ. ಹಾಗೆ ಹೋದವುಗಳಲ್ಲಿ ಕೊನೆಯ ಐದರ ಪಟ್ಟಿ ಮುಟ್ಟಿದ್ದು 1957ರ ‘ಮದರ್ ಇಂಡಿಯಾ’, 1988ರ ‘ಸಲಾಂ ಬಾಂಬೆ’, 2001ರ ‘ಲಗಾನ್’, ಇಷ್ಟೇ. ಮೂರೂ ಹಿಂದಿ. ಕನ್ನಡದ ಒಂದು ಚಿತ್ರವನ್ನೂ ಇಲ್ಲಿಂದ ಕಳಿಸಿಯೇ ಇಲ್ಲ.

ಮಂಡ್ಯದ ಕಡೆಯ ಹಳ್ಳಿ ಜನರೇ ನಟಿಸಿದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು. 2016ರಲ್ಲಿ ಅದು ಇಲ್ಲಿ ತೆರೆಗೆ ಬಂತು. ನಾಗರಾಜ ಮಂಜುಳೆಯವರ ‘ಸೈರಾಟ್’ ಕೂಡ ಅದೇ ವರ್ಷ ಬಂತು. ಆಸ್ಕರ್‌ಗೆ ಹೋದದ್ದು ತಮಿಳಿನ ‘ವಿಸಾರಣೈ’. ಅದೂ ಪೊಲೀಸರ ಏಟು ತಿನ್ನುವ ಕೂಲಿಕಾರರ ಕತೆಯೇ. ಅದರ ಮೇಲೆ ನಮಗೆ ಮುನಿಸಿಲ್ಲ. ಆದ್ರೆ ಬಾಗಿಲು ಒಂದೇ ಇದ್ದಾಗ ಬಡವರ ಚಿತ್ರಗಳು ಒಂದನ್ನೊಂದು ತಳ್ಳಿಕೊಂಡೇ ಹೋಗಬೇಕಾಗುತ್ತದೆ.

ಹೋದ ಮೇಲಾದರೂ ಏನಾಯ್ತು? 2015ರಲ್ಲಿ ಮರಾಠಿಯ ‘ಕೋರ್ಟ್’ ಹೋಯಿತು. ವೆನಿಸ್‌ನಲ್ಲಿ ಗೆದ್ದ ಚಿತ್ರ, ಸ್ವರ್ಣಕಮಲ ಪಡೆದ ಚಿತ್ರ. ಅದರಲ್ಲಿ ನಾರಾಯಣ ಕಾಂಬ್ಳೆ ಎಂಬ ದಲಿತ ಹಾಡುಗಾರನ ಮೇಲೆ ಕೇಸು ಹಾಕುತ್ತಾರೆ. ಅವನ ಹಾಡು ಕೇಳಿ ಮ್ಯಾನ್‌ಹೋಲ್ ಕೆಲಸಗಾರನೊಬ್ಬ ಸತ್ತ ಅಂತ ಆರೋಪ. ಆ ಪಾತ್ರ ಮಾಡಿದವರು ನಾಗಪುರದ ವೀರಾ ಸಾಥೀದಾರ್. ಚಳವಳಿಯ ಮನುಷ್ಯ, ‘ವಿದ್ರೋಹಿ’ ಪತ್ರಿಕೆಯ ಸಂಪಾದಕ. 2021ರಲ್ಲಿ ಕೋವಿಡ್ ಅವರನ್ನು ಕೊಂಡೊಯ್ಯಿತು. ‘ಕೋರ್ಟ್’ ಕೊನೆಯ ಐದರಲ್ಲಿ ಬರಲಿಲ್ಲ. ಕಾಂಬ್ಳೆ ಅಂದ ಕೂಡಲೇ ನಮಗೆ ಕೇರಿ ಕಾಣುತ್ತೆ. ಅಮೆರಿಕದಲ್ಲಿ ಕೂತು ಓಟು ಹಾಕುವವನಿಗೆ ಅದೊಂದು ಹೆಸರು ಅಷ್ಟೆ. ತೆರೆಯ ಕೆಳಗೆ ಓಡುವ ಇಂಗ್ಲಿಷ್ ಸಾಲು ಮಾತನ್ನು ತಿಳಿಸುತ್ತೆ, ಜಾತಿಯನ್ನು ತಿಳಿಸೋದಿಲ್ಲ.

ಹಾಗಾದ್ರೆ ಭಾಷೆಯೇ ಅಡ್ಡಿಯೆ? ಅಲ್ಲ. ಕೊರಿಯನ್ ಭಾಷೆಯ ‘ಪ್ಯಾರಾಸೈಟ್’ 2020ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರನ್ನೇ ಗೆದ್ದಿತು. ಅದರ ಬೆನ್ನಿಗೆ ದೊಡ್ಡ ಕಂಪನಿಯ ದುಡ್ಡಿತ್ತು. ತೆಲುಗಿನ ‘ಆರ್‌ಆರ್‌ಆರ್’ ಚಿತ್ರವನ್ನು ಫೆಡರೇಷನ್ ಕಳಿಸಲಿಲ್ಲ. ತಯಾರಕರೂ ಅಮೆರಿಕದ ವಿತರಕರೂ ತಾವೇ ಪ್ರಚಾರ ಮಾಡಿದರು, 2023ರಲ್ಲಿ ‘ನಾಟು ನಾಟು’ ಹಾಡಿಗೆ ಆಸ್ಕರ್ ಬಂತು. ಓಟು ಹಾಕುವವರು ಚಿತ್ರ ನೋಡಬೇಕಾದರೆ ಅಲ್ಲಿ ವಿತರಕ ಬೇಕು, ಪ್ರದರ್ಶನ ಬೇಕು, ಜಾಹೀರಾತು ಬೇಕು. ಸಾಲ ಮಾಡಿ ಸಿನಿಮಾ ತೆಗೆದವನು ಅದನ್ನೆಲ್ಲಿಂದ ತರ್ತಾನೆ?

ಇನ್ನೊಂದು ವಿಚಿತ್ರ ಕೇಳಿ. ದಲಿತ ಹುಡುಗಿಯೊಬ್ಬಳ ಕೊಲೆಯ ಸುತ್ತ ಹೆಣೆದ ಹಿಂದಿ ಚಿತ್ರ ‘ಸಂತೋಷ್’. 2024ರಲ್ಲಿ ಅದನ್ನು ತನ್ನ ಚಿತ್ರವೆಂದು ಆಸ್ಕರ್‌ಗೆ ಕಳಿಸಿದ್ದು ಬ್ರಿಟನ್! ಮೊದಲ ಹದಿನೈದರ ಪಟ್ಟಿಗೂ ಅದು ಬಂತು. ಇಲ್ಲಿ ಸೆನ್ಸಾರ್ ಮಂಡಳಿ ಕೇಳಿದ ಕತ್ತರಿಗಳಿಗೆ ಚಿತ್ರದವರು ಒಪ್ಪಲಾಗದೆ 2025ರಲ್ಲಿ ಅದರ ಬಿಡುಗಡೆಯೇ ನಿಂತಿತು. ಜರಡಿ ಮೊದಲು ಇರುವುದು ನಮ್ಮ ಮನೆಯಲ್ಲೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಬಹುಮಾನ ಬಂದರೆ ಎಲ್ಲ ಸರಿಹೋಯ್ತು ಅಂತಲೂ ಅಲ್ಲ. 1975ರ ‘ಚೋಮನ ದುಡಿ’ಗೆ ಸ್ವರ್ಣಕಮಲ ಬಂತು, ಚೋಮನ ಪಾತ್ರ ಮಾಡಿದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಬರೆದವರು, ನಿರ್ದೇಶಿಸಿದವರು, ನಟಿಸಿದವರು ದೊಡ್ಡ ಕಲಾವಿದರೇ, ಅನುಮಾನವಿಲ್ಲ. ಆದರೆ ಅವರಲ್ಲಿ ಚೋಮನ ಕೇರಿಯವರು ಯಾರೂ ಇರಲಿಲ್ಲ. ಚೋಮನಿಗೆ ಉಳಲು ನೆಲ ಸಿಗಲಿಲ್ಲ. ಚೋಮನ ಮಕ್ಕಳಿಗೆ ಕ್ಯಾಮೆರಾ ಸಿಗಲು ಎಷ್ಟು ಕಾಲ ಬೇಕು?

ನಮ್ಮನ್ನೂ ಕೇಳಿಕೊಳ್ಳೋಣ. ಇಲ್ಲಿ ಕೂತಿರುವವರಲ್ಲಿ ಎಷ್ಟು ಜನ ‘ಕೋರ್ಟ್’ ನೋಡಿದ್ದೀವಿ? ‘ಫ್ಯಾಂಡ್ರಿ’ ನೋಡಿದ್ದೀವಿ? ಹೀರೋ ಕಟೌಟಿಗೆ ಹಾಲು ಸುರಿಯೋಕೆ ಬೆಳಗಿನ ಜಾವ ಏಳ್ತೀವಿ. ನಮ್ಮವರ ಚಿತ್ರ ಮೂರು ದಿನಕ್ಕೆ ಥಿಯೇಟರ್ ಬಿಟ್ಟರೆ ನಮಗೆ ಗೊತ್ತೂ ಆಗೋದಿಲ್ಲ. ಹೊರಗಿನವರು ಕಡೆಗಣಿಸಿದರು ಅನ್ನೋ ಮುಂಚೆ ನಾವು ನೋಡೋಣ.

ಅದಕ್ಕೇ ನಮ್ಮ ಸಲಹೆ ಇಷ್ಟು. ತಿಂಗಳಿಗೊಂದು ಭಾನುವಾರ ಹಾಸ್ಟೆಲಿನ ಊಟದ ಹಾಲ್‌ನಲ್ಲಿ ಇಂಥ ಒಂದು ಚಿತ್ರ ಹಾಕೋಣ. ನೋಡಿ ಎದ್ದು ಹೋಗೋದಲ್ಲ, ಕೂತು ಜಗಳ ಆಡೋಣ, ಅನಿಸಿದ್ದನ್ನು ಬರೆಯೋಣ. ಕೈಯಲ್ಲಿ ಫೋನಿದ್ದವರು ನಮ್ಮ ಕೇರಿಯನ್ನು ಚಿತ್ರಿಸೋದು ಕಲೀಲಿ. ಆಸ್ಕರ್ ಬಂದರೆ ಬರಲಿ. ನಮ್ಮ ಅವ್ವಂದಿರು ತೆರೆಯ ಮೇಲೆ ತಮ್ಮನ್ನು ಕಂಡು, ಹೌದು ಕಣಪ್ಪ ಇದು ನಿಜ ಅಂದರೆ, ಅದು ನಮಗೆ ಮೊದಲ ಬಹುಮಾನ.

ಜೈ ಭೀಮ್.